ಸಣ್ಣ ಉಸಿರಿನ ಲೆಕ್ಕ

ಹುಣಸೂರು ತಾಲ್ಲೂಕಿನ ಗಾವಡಗೆರೆ ಕಡೆಯ ಯಾರನ್ನಾದರೂ ಉಸಿರು ಸಿಕ್ಕದೆ ಮೈಸೂರಿನ ದೊಡ್ಡಾಸ್ಪತ್ರೆಗೆ ಸಾಗಿಸಿದರು ಎಂಬ ಸುದ್ದಿ ಬಂದರೆ ಊರಿನಲ್ಲಿ ಮೊದಲು ಏಳುವ ಪ್ರಶ್ನೆ, ‘ಮಿಷನ್ ಹಾಕವ್ರಾ?’ ಹಾಕಿದ್ದಾರೆ ಎಂದರೆ ಕೆಲವರಿಗೆ ಧೈರ್ಯ: ಇನ್ನು ಯಂತ್ರ ನೋಡಿಕೊಳ್ಳುತ್ತದೆ. ಇನ್ನು ಕೆಲವರಿಗೆ ಅಲ್ಲಿಗೆ ಕಥೆ ಮುಗಿದ ಹಾಗೆ: ಮಿಷನ್ ಹಾಕಿದ ಮೇಲೆ ವಾಪಸು ಬಂದವರುಂಟೇ? ಎರಡೂ ಮಾತು ನಿಂತಿರುವುದು ಒಂದೇ ನಂಬಿಕೆಯ ಮೇಲೆ, ವೆಂಟಿಲೇಟರೇ ಚಿಕಿತ್ಸೆ ಎಂಬ ನಂಬಿಕೆಯ ಮೇಲೆ. 2020ರಿಂದೀಚೆಗೆ ಸರ್ಕಾರಗಳು ಮಾಡಿದ ಖರೀದಿ, ಹೊರಡಿಸಿದ ದರಪಟ್ಟಿಗಳ ಹಿಂದೆಯೂ ಇದೇ ನಂಬಿಕೆ ಕೆಲಸ ಮಾಡಿದೆ. ಹೀಗೆ ಉಸಿರು ಸಿಕ್ಕದಂತೆ ಮಾಡುವ ಕಾಯಿಲೆಯ ಬಗ್ಗೆ ಅರ್ಧ ಶತಮಾನದಲ್ಲಿ ನಡೆದ ಪ್ರಯೋಗಗಳನ್ನು ಒಟ್ಟಿಗಿಟ್ಟು ಓದಿದರೆ ಮಾತ್ರ ಬೇರೆಯದೇ ಸಂಗತಿ ಕಾಣುತ್ತದೆ. ಜೀವ ಉಳಿಸುತ್ತವೆ ಎಂದು ಗಟ್ಟಿಯಾಗಿ ಹೇಳಬಹುದಾದ ಕ್ರಮಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವು ಯಂತ್ರದ ಅಬ್ಬರ ತಗ್ಗಿಸುವ, ಕೈಯಿಂದ ಮಾಡುವ, ಪಕ್ಕದಲ್ಲಿದ್ದು ಕಾಯುವ ಕೆಲಸಗಳು. ನಾವು ಕೊಂಡದ್ದು ಒಂದು, ರೋಗಿಗೆ ಬೇಕಿದ್ದದ್ದು ಇನ್ನೊಂದು ಎಂಬುದು ಈ ಬರಹದ ವಾದ.

ವೈದ್ಯರು ಎ.ಆರ್.ಡಿ.ಎಸ್. ಎಂದು ಕರೆಯುವ ಈ ತೀವ್ರ ಉಸಿರಾಟದ ಸಂಕಟ ಒಂದೇ ರೋಗವಲ್ಲ. ಹಲವು ರೋಗಗಳು ವಿಕೋಪಕ್ಕೆ ಹೋದಾಗ ಬಂದು ಸೇರುವ ಘಟ್ಟ. ಶ್ವಾಸಕೋಶದ ಕೋಟ್ಯಂತರ ಗಾಳಿಗೂಡುಗಳ ಗೋಡೆ ಅತಿ ತೆಳು. ಸೋಂಕಿನ ಉರಿಯೂತಕ್ಕೆ ಸಿಕ್ಕಿ ಆ ಗೋಡೆ ಸೋರತೊಡಗಿದರೆ ರಕ್ತದ ದ್ರವ ಗೂಡಿನೊಳಕ್ಕೆ ಇಳಿಯುತ್ತದೆ. ಗಾಳಿ ಒಳಗೆ ಹೋದರೂ ಆಮ್ಲಜನಕ ರಕ್ತಕ್ಕೆ ದಾಟುವುದಿಲ್ಲ. ಎಕ್ಸ್‌ರೇಯಲ್ಲಿ ಎರಡೂ ಪಕ್ಕ ಬೆಳ್ಳಗಾಗುತ್ತದೆ, ಮೂಗಿಗೆ ಎಷ್ಟು ಆಕ್ಸಿಜನ್ ಬಿಟ್ಟರೂ ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನ ಅಂಕಿ ಮೇಲೇರುವುದಿಲ್ಲ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದರೂ ಚಿತ್ರ ಹೀಗೆಯೇ ಕಾಣುವುದರಿಂದ ಅದನ್ನು ಬೇರ್ಪಡಿಸಿ ನೋಡಬೇಕು.

ಗಾವಡಗೆರೆ ಸುತ್ತಲಿನ ತಾಲ್ಲೂಕುಗಳಲ್ಲಿ ಆ ಘಟ್ಟಕ್ಕೆ ಹೋಗುವ ದಾರಿಗಳು ಹಲವು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹೊಲದ ಮನೆಗಳಲ್ಲಿ ಕೀಟನಾಶಕ ಕೈಗೆಟಕುವ ದೂರದಲ್ಲೇ ಇರುತ್ತದೆ. ಸಾಲ, ಜಗಳ, ಬೆಲೆ ಕುಸಿತದ ಸಿಟ್ಟಿನಲ್ಲಿ ಅದನ್ನು ಕುಡಿದವರ ಶ್ವಾಸಕೋಶ ವಿಷದಿಂದಲೂ, ವಾಂತಿ ಉಸಿರುನಾಳಕ್ಕೆ ಇಳಿಯುವುದರಿಂದಲೂ ಕೆಡುತ್ತದೆ. ಕೆ.ಆರ್. ನಗರದ ಭತ್ತದ ಗದ್ದೆಯ ಕೆಸರಿನಲ್ಲಿ ಇಲಿಜ್ವರದ ಭಯ. ಪೊದೆ, ಹುಲ್ಲು, ಕಾಡಂಚಿನಲ್ಲಿ ಓಡಾಡುವವರಿಗೆ ಸಣ್ಣ ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರದ ಭಯ. ಇವಲ್ಲದೆ ಎಚ್1ಎನ್1, ನ್ಯುಮೋನಿಯಾ, ಮೈಯೆಲ್ಲ ಹರಡಿದ ಕ್ಷಯ, ಹೆರಿಗೆಯ ನಂತರದ ನಂಜು. ಬೀಡಿ, ಸಿಗರೇಟು ಸೇದುವವರಲ್ಲಿ ಈ ಅಪಾಯ ಹೆಚ್ಚು ಎಂಬುದಕ್ಕೂ ಪುರಾವೆಯಿದೆ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ತಂಬಾಕಿನ ಬೇಲು ಹೊತ್ತುಕೊಂಡು ಹೋಗುವ ಸೀಮೆಯಲ್ಲಿ ಈ ಮಾತನ್ನು ಮೆಲ್ಲಗೆ ಆಡಬೇಕಾಗುತ್ತದೆ.

ಇತಿಹಾಸ ನೋಡೋಣ. ತೀವ್ರ ನಿಗಾ ಘಟಕ (ಐಸಿಯು) ಎಂಬ ಕಲ್ಪನೆ ಹುಟ್ಟಿದ್ದೇ ಯಂತ್ರ ಸಾಲದೆ ಹೋದಾಗ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯು ಸೋತವರಿಗೆ ‘ಕಬ್ಬಿಣದ ಶ್ವಾಸಕೋಶ’ಗಳು ಸಾಕಾಗಲಿಲ್ಲ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ರಂಧ್ರ ಮಾಡಿ ನಳಿಗೆ ಹಾಕಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತುತ್ತ ಉಸಿರು ಕೊಡುವ ದಾರಿ ತೋರಿಸಿದರು. ಸುಮಾರು 1,500 ವಿದ್ಯಾರ್ಥಿಗಳು ಸರದಿಯಂತೆ ಕೂತು ಹಗಲಿರುಳು ಚೀಲ ಒತ್ತಿದರು, ಸಾವು ಗಣನೀಯವಾಗಿ ಇಳಿಯಿತು. ಹದಿನೈದು ವರ್ಷಗಳ ಬಳಿಕ, 1967ರಲ್ಲಿ, ಅಮೆರಿಕದ ಡೆನ್ವರಿನ ಆಶ್‌ಬಾ, ಪೆಟ್ಟಿ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 12 ರೋಗಿಗಳ ವರದಿ ಪ್ರಕಟಿಸಿ ಈ ಸಂಕಟಕ್ಕೆ ಪ್ರತ್ಯೇಕ ಗುರುತು ಕೊಟ್ಟರು. ಆ ಹನ್ನೆರಡರಲ್ಲಿ 7 ಮಂದಿ ತೀರಿಕೊಂಡರು. ಉಸಿರು ಬಿಟ್ಟ ಕೊನೆಯಲ್ಲೂ ಸ್ವಲ್ಪ ಒತ್ತಡ ಉಳಿಸಿದರೆ ಗೂಡುಗಳು ಪೂರ್ತಿ ಮುಚ್ಚಿಹೋಗುವುದಿಲ್ಲ ಎಂಬ ತಿಳಿವು ಆ ವರದಿಯ ದೊಡ್ಡ ಕೊಡುಗೆ. ಇವತ್ತಿಗೂ ಪ್ರತಿ ವೆಂಟಿಲೇಟರಿನಲ್ಲಿ ಅದಕ್ಕೊಂದು ಗುಂಡಿಯಿದೆ.

ಅಲ್ಲಿಂದ ಮೂರು ದಶಕ ವೈದ್ಯರು ಒಂದು ತರ್ಕ ಹಿಡಿದು ನಡೆದರು: ಆಮ್ಲಜನಕ ಕಡಿಮೆಯಾಗಿದೆ, ಆದ್ದರಿಂದ ದೊಡ್ಡ ಉಸಿರು ಕೊಡೋಣ. ಕೇಳಲು ಸರಿಯಾಗಿಯೇ ಇದೆ. ಇಟಲಿಯ ಗಟ್ಟಿನೋನಿ ಸಿ.ಟಿ. ಸ್ಕ್ಯಾನ್ ಇಟ್ಟುಕೊಂಡು ತೋರಿಸಿದ್ದು ಈ ತರ್ಕದ ಬಿರುಕನ್ನು. ಈ ರೋಗಿಗಳ ಶ್ವಾಸಕೋಶ ಪೂರ್ತಿ ಗಟ್ಟಿಯಾಗಿರುವುದಿಲ್ಲ; ಗಾಳಿ ಆಡುವ ಭಾಗ ಕುಗ್ಗಿ ಹಸುಗೂಸಿನ ಶ್ವಾಸಕೋಶದಷ್ಟು ಉಳಿದಿರುತ್ತದೆ. ದೊಡ್ಡವರ ಉಸಿರನ್ನು ಅದರೊಳಕ್ಕೆ ತುರುಕಿದರೆ ಉಳಿದದ್ದೂ ಹರಿಯುತ್ತದೆ. ಅಂದರೆ ಚಿಕಿತ್ಸೆಯೇ ಹೊಸ ಗಾಯ ಮಾಡುತ್ತದೆ.

ಇದನ್ನು ಒರೆಗೆ ಹಚ್ಚಿದ್ದು 2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ. 861 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕಿಲೋಗೆ 12 ಮಿಲಿಲೀಟರಿನ ಉಸಿರು, ಇನ್ನೊಂದಕ್ಕೆ 6 ಮಿಲಿಲೀಟರಿನ ಉಸಿರು ಕೊಟ್ಟರು. ದೊಡ್ಡ ಉಸಿರಿನವರಲ್ಲಿ ಶೇ 39.8, ಸಣ್ಣ ಉಸಿರಿನವರಲ್ಲಿ ಶೇ 31 ಮಂದಿ ಸತ್ತರು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಇದ್ದ ಯಂತ್ರವನ್ನು ಅರ್ಧಕ್ಕೆ ಇಳಿಸಿದ್ದಷ್ಟೇ. ಮೊದಮೊದಲು ಸಣ್ಣ ಉಸಿರಿನವರ ಆಮ್ಲಜನಕದ ಅಂಕಿಯೇ ಕೆಳಗಿತ್ತು ಎಂಬುದು ಇದರ ಸ್ವಾರಸ್ಯ. ಪರದೆಯ ಮೇಲಿನ ಅಂಕಿ ನೋಡಿ ಸಮಾಧಾನಪಡುವ ವೈದ್ಯನಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಟೀಕೆ ಬರದೆ ಇರಲಿಲ್ಲ. ಹೋಲಿಕೆಗೆ ಇಟ್ಟ 12 ಮಿಲಿಲೀಟರು ಅಂದಿನ ರೂಢಿಗಿಂತಲೂ ಹೆಚ್ಚು, ಗೆಲ್ಲುವ ಕುದುರೆಯ ಎದುರು ಕುಂಟ ಕುದುರೆ ಬಿಟ್ಟಿರಿ ಎಂದವರುಂಟು. ಆ ಟೀಕೆಯಲ್ಲಿ ಹುರುಳಿದೆ. ಆದರೂ ಸಣ್ಣ ಉಸಿರಿನ ತತ್ವ ಮುಂದಿನ ಪರೀಕ್ಷೆಗಳಲ್ಲೂ ನಿಂತಿತು. ಇನ್ನೂ ಹುರುಪಿನಿಂದ, ಹೆಚ್ಚು ಒತ್ತಡ ಹಾಕಿ ಮುಚ್ಚಿದ ಗೂಡುಗಳನ್ನು ತೆರೆಸಲು ಹೋದ ಬ್ರೆಜಿಲ್ ನೇತೃತ್ವದ 2017ರ ಪ್ರಯೋಗದಲ್ಲಿ ಸಾವು ಹೆಚ್ಚಿತೇ ಹೊರತು ಇಳಿಯಲಿಲ್ಲ. ನಿಮಿಷಕ್ಕೆ ನೂರಾರು ಸಲ ಕಂಪಿಸುವ ಹೊಸ ಬಗೆಯ ವೆಂಟಿಲೇಟರ್ ಕೂಡ 2013ರಲ್ಲಿ ಹೀಗೆಯೇ ಸೋತಿತ್ತು.

ಇಲ್ಲಿಂದ ನಮ್ಮ ಸೀಮೆಯ ಲೆಕ್ಕಕ್ಕೆ ಬರೋಣ. ಕಿಲೋಗೆ 6 ಮಿಲಿಲೀಟರ್ ಎಂದರೆ ತಕ್ಕಡಿಯ ತೂಕವಲ್ಲ, ಎತ್ತರಕ್ಕೆ ತಕ್ಕ ತೂಕ. ಮನುಷ್ಯ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಸೂತ್ರ ಸುಲಭ: ಗಂಡಸರಿಗೆ 50, ಹೆಂಗಸರಿಗೆ 45.5 ಎಂದು ಹಿಡಿದು, 152.4 ಸೆಂಟಿಮೀಟರಿಗಿಂತ ಹೆಚ್ಚಿರುವ ಪ್ರತಿ ಸೆಂಟಿಮೀಟರಿಗೆ 0.91 ಕೂಡಿಸುವುದು, ಕಡಿಮೆಯಿದ್ದರೆ ಕಳೆಯುವುದು. ಗಾವಡಗೆರೆಯ ರೈತ ಮಹಿಳೆಯೊಬ್ಬರ ಎತ್ತರ 150 ಸೆಂ.ಮೀ., ತೂಕ 65 ಕೆ.ಜಿ. ಎಂದಿಟ್ಟುಕೊಳ್ಳಿ. ಸೂತ್ರದ ಪ್ರಕಾರ ಅವರ ತೂಕ ಸುಮಾರು 43.3 ಕೆ.ಜಿ., ಅವರಿಗೆ ಸಲ್ಲಬೇಕಾದ ಉಸಿರು 260 ಮಿಲಿಲೀಟರ್. ತಕ್ಕಡಿಯ ತೂಕದಿಂದ ಗುಣಿಸಿದರೆ 390 ಆಗುತ್ತದೆ. ‘ದೊಡ್ಡವರಿಗೆ 500’ ಎಂದು ಕಣ್ಣಳತೆಯಲ್ಲಿ ಇಟ್ಟರೆ ಕಿಲೋಗೆ 11.5 ಮಿಲಿಲೀಟರ್ ಬೀಳುತ್ತದೆ. ಅಮೆರಿಕದ ಪ್ರಯೋಗದಲ್ಲಿ ಹೆಚ್ಚು ಜನ ಸತ್ತ ಗುಂಪಿಗೆ ಕೊಟ್ಟದ್ದು ಹೆಚ್ಚುಕಡಿಮೆ ಇಷ್ಟನ್ನೇ.

ಎತ್ತರ ಅಳೆಯದಿದ್ದರೆ ಹೆಚ್ಚು ನಷ್ಟ ಗಿಡ್ಡಗಿರುವವರಿಗೆ, ಅದರಲ್ಲೂ ಹೆಂಗಸರಿಗೆ. 50 ದೇಶಗಳ 459 ಐಸಿಯುಗಳನ್ನು ಒಳಗೊಂಡು 2016ರಲ್ಲಿ ಪ್ರಕಟವಾದ ‘ಲಂಗ್ ಸೇಫ್’ ಅಧ್ಯಯನದ ಮಾಹಿತಿಯೂ ಇದನ್ನೇ ಹೇಳಿತು: ಹೆಂಗಸರಿಗೆ ಸಣ್ಣ ಉಸಿರಿನ ರಕ್ಷಣೆ ಸಿಕ್ಕಿದ್ದು ಗಂಡಸರಿಗಿಂತ ಕಡಿಮೆ. ಹಾಸಿಗೆಯಲ್ಲಿ ಮಲಗಿದವರ ನೆತ್ತಿಯಿಂದ ಹಿಮ್ಮಡಿವರೆಗೆ ದರ್ಜಿಯ ಟೇಪು ಹಿಡಿದರೆ ಸಾಕು. ಐಸಿಯುವಿನ ಅತ್ಯಂತ ಅಗ್ಗದ ಉಪಕರಣ ಇದು. ಕೇಸ್ ಶೀಟಿನಲ್ಲಿ ಎತ್ತರದ ಕಾಲಂ ಖಾಲಿ ಬಿಟ್ಟ ಘಟಕ ಎಷ್ಟೇ ದುಬಾರಿ ವೆಂಟಿಲೇಟರ್ ಇಟ್ಟುಕೊಂಡಿದ್ದರೂ ಅದರ ಚಿಕಿತ್ಸೆ ಅಂದಾಜಿನದು.

ಎರಡನೆಯ ಗಟ್ಟಿ ಸಾಕ್ಷ್ಯ ಕವುಚಿ ಮಲಗಿಸುವುದಕ್ಕೆ ಸಿಕ್ಕಿದೆ. ಬೆನ್ನ ಮೇಲೆ ಮಲಗಿದ ರೋಗಿಯ ಶ್ವಾಸಕೋಶದ ಹಿಂಭಾಗ, ಪೇರಿಸಿಟ್ಟ ತಂಬಾಕಿನ ಬೇಲುಗಳಲ್ಲಿ ತಳದ್ದು ಅದುಮಿಹೋಗುವ ಹಾಗೆ, ಮೇಲಿನ ಭಾರಕ್ಕೆ ಮುಚ್ಚಿಕೊಳ್ಳುತ್ತದೆ. ಮಗುಚಿದರೆ ಆ ಭಾಗ ತೆರೆದುಕೊಂಡು ಒತ್ತಡ ಎಲ್ಲೆಡೆ ಸಮವಾಗಿ ಹಂಚಿಹೋಗುತ್ತದೆ. 2013ರಲ್ಲಿ ಪ್ರಕಟವಾದ ಗೆರಾನ್ ಮತ್ತು ಸಂಗಡಿಗರ ಪ್ರಯೋಗದಲ್ಲಿ 466 ಮಂದಿ ತೀವ್ರ ರೋಗಿಗಳಿದ್ದರು. ದಿನಕ್ಕೆ ಕನಿಷ್ಠ 16 ಗಂಟೆ ಕವುಚಿ ಮಲಗಿಸಿದವರಲ್ಲಿ 28 ದಿನದೊಳಗೆ ಸತ್ತವರು ಶೇ 16, ಬೆನ್ನ ಮೇಲೇ ಉಳಿದವರಲ್ಲಿ ಶೇ 32.8. ಸಾವು ಅರ್ಧಕ್ಕಿಳಿಯಿತು. ಔಷಧ ಕಂಪನಿಯೊಂದು ಇಂಥ ಫಲ ತಂದಿದ್ದರೆ ಅದರ ಮಾತ್ರೆಗೆ ಬೆಲೆ ಕಟ್ಟಲಾಗುತ್ತಿರಲಿಲ್ಲ.

ಈ ಅಂಕಿಯನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಆ ಪ್ರಯೋಗ ನಡೆದದ್ದು ಬಹುತೇಕ ಫ್ರಾನ್ಸಿನ, ಕವುಚಿ ಮಲಗಿಸುವುದರಲ್ಲಿ ವರ್ಷಗಟ್ಟಲೆ ಕೈ ಪಳಗಿದ ಘಟಕಗಳಲ್ಲಿ. ಬಾಯಲ್ಲಿ ನಳಿಗೆ, ಕುತ್ತಿಗೆಯಲ್ಲಿ ಸೂಜಿ, ಮೂತ್ರಕ್ಕೆ ಕೊಳವೆ ಇರುವ, ಪ್ರಜ್ಞೆಯಿಲ್ಲದ ದೇಹವನ್ನು ಮಗುಚಲು ನಾಲ್ಕೈದು ಜನ ಬೇಕು. ಅವರಲ್ಲಿ ಒಬ್ಬರು ತಲೆಯ ಬಳಿ ನಿಂತು ನಳಿಗೆ ಹಿಡಿದಿರಲೇಬೇಕು. ಪಳಗದ ಕೈಯಲ್ಲಿ ನಳಿಗೆ ಕಳಚಿದರೆ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಕಣ್ಣು, ಕೆನ್ನೆ, ಎದೆ, ಮಂಡಿಯಲ್ಲಿ ಒತ್ತುಗಾಯವಾಗದಂತೆ ಗಂಟೆಗಂಟೆಗೂ ನೋಡಬೇಕು. ವೆಂಟಿಲೇಟರಿನ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂದು ತೀವ್ರ ನಿಗಾ ತಜ್ಞರು ಹೇಳುತ್ತ ಬಂದಿರುವುದು ಸುಮ್ಮನಲ್ಲ. ‘ಲಂಗ್ ಸೇಫ್’ ಲೆಕ್ಕದಲ್ಲಿ ತೀರಾ ಗಂಭೀರ ರೋಗಿಗಳಲ್ಲೂ ಕವುಚಿ ಮಲಗಿಸಿದ್ದು ಶೇ 16ರಷ್ಟು ಮಂದಿಯನ್ನು ಮಾತ್ರ. ವೈದ್ಯರು ಇದು ಎ.ಆರ್.ಡಿ.ಎಸ್. ಎಂದು ಗುರುತಿಸಿದ್ದೇ ಶೇ 60ರಷ್ಟು ಪ್ರಕರಣಗಳಲ್ಲಿ. ಅಲ್ಲಿಗೆ ಈ ಉದಾಸೀನ ಕೇವಲ ಬಡ ಆಸ್ಪತ್ರೆಯ ರೋಗವಲ್ಲ. ಶ್ರಮದ ಕೆಲಸವನ್ನು ಹಿಂದಕ್ಕೆ ತಳ್ಳುವ ಚಾಳಿ ಎಲ್ಲ ಕಡೆಯೂ ಇದೆ.

ಮೂರನೆಯದು ಡ್ರಿಪ್ಸ್. ನಮ್ಮಲ್ಲಿ ಗ್ಲೂಕೋಸ್ ಬಾಟಲಿ ಏರಿಸದ ಡಾಕ್ಟರು ಡಾಕ್ಟರೇ ಅಲ್ಲ. ಸೋರುವ ಶ್ವಾಸಕೋಶಕ್ಕೆ ಮಾತ್ರ ಹೆಚ್ಚುವರಿ ನೀರು ವೈರಿ. ಸಾವಿರ ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದ್ರವವನ್ನು ಹಿಡಿತದಲ್ಲಿ ಕೊಟ್ಟವರು ಬೇಗ ವೆಂಟಿಲೇಟರಿನಿಂದ ಬಿಡುಗಡೆ ಹೊಂದಿದರು; ಸಾವಿನ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ನಂಜಿನಿಂದ ರಕ್ತದೊತ್ತಡ ಕುಸಿದವರಿಗೆ ಮೊದಲ ಗಂಟೆಗಳಲ್ಲಿ ನೀರು ಬೇಕು, ಕುಸಿತ ನಿಂತ ಮೇಲೆ ಅದನ್ನು ನಿಲ್ಲಿಸುವ ಧೈರ್ಯವೂ ಬೇಕು. ಆ ತಿರುವನ್ನು ಗುರುತಿಸಲು ಒಳಹೋದ ನೀರು, ಹೊರಬಂದ ಮೂತ್ರ ಎರಡನ್ನೂ ಬರೆದಿಡುವ ಒಬ್ಬ ನರ್ಸ್ ಬೇಕು. ಮತ್ತೆ ಬಂದು ನಿಲ್ಲುವುದು ಮನುಷ್ಯರ ಹತ್ತಿರಕ್ಕೇ.

ಔಷಧಗಳ ಕಥೆ ಬಹುಮಟ್ಟಿಗೆ ಸೋಲಿನದು. ಸ್ಟಾಟಿನ್ ಮಾತ್ರೆ ನಾಟಲಿಲ್ಲ. ರಕ್ತನಾಳಕ್ಕೆ ಕೊಟ್ಟ ಸಾಲ್ಬುಟಮಾಲ್ 2012ರ ಬ್ರಿಟಿಷ್ ಪ್ರಯೋಗದಲ್ಲಿ ಕೇಡನ್ನೇ ಮಾಡಿತು. ನೈಟ್ರಿಕ್ ಆಕ್ಸೈಡ್ ಅನಿಲ ಆಮ್ಲಜನಕದ ಅಂಕಿ ಏರಿಸಿತು, ಪ್ರಾಣ ಉಳಿಸಲಿಲ್ಲ. ಉಳಿದದ್ದು ಸ್ಟೀರಾಯ್ಡ್. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗ, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಟ್ಟರೆ ವೆಂಟಿಲೇಟರ್ ಮೇಲಿನ ಕೋವಿಡ್ ರೋಗಿಗಳ ಸಾವು ಶೇ 41.4ರಿಂದ 29.3ಕ್ಕೆ ಇಳಿಯುತ್ತದೆ ಎಂದು ತೋರಿಸಿತು. ಕೆಲವೇ ರೂಪಾಯಿಯ ಹಳೆಯ ಮದ್ದು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲ ಎಂದೂ ಅದೇ ಪ್ರಯೋಗ ಹೇಳಿತ್ತು. ನಾವು ಮೊದಲರ್ಧವನ್ನು ಕೇಳಿಸಿಕೊಂಡೆವು, ಎರಡನೆಯದನ್ನು ಬಿಟ್ಟೆವು. 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ದಿನವೇ ಸ್ಟೀರಾಯ್ಡ್ ನುಂಗಿಸಿದವರೆಷ್ಟೋ. ಸಕ್ಕರೆ ಕಾಯಿಲೆಯ ಜೊತೆ ಅದೂ ಸೇರಿ ಕಪ್ಪು ಶಿಲೀಂಧ್ರಕ್ಕೆ ದಾರಿಯಾಯಿತು. ಅದೇ ಹೊತ್ತಿಗೆ, ವೆಂಟಿಲೇಟರ್ ಮೇಲಿರುವವರನ್ನು ಉಳಿಸುತ್ತದೆಂಬ ಪುರಾವೆಯಿಲ್ಲದ ರೆಮ್‌ಡೆಸಿವಿರ್ ಕಾಳಸಂತೆಯಲ್ಲಿ ಮಾರಾಟವಾಗುತ್ತಿತ್ತು. ಅಗ್ಗದ ಮದ್ದನ್ನು ಎಲ್ಲರಿಗೂ ಸುರಿಯುವುದು, ದುಬಾರಿ ಮದ್ದಿನ ಹಿಂದೆ ಓಡುವುದು: ಎರಡರಲ್ಲೂ ಕಾಣೆಯಾದದ್ದು ಅಳತೆ.

ಇನ್ನು, ರೋಗವನ್ನು ಗುರುತಿಸುವ ವ್ಯಾಖ್ಯೆಯ ವಿಷಯ. 2012ರ ‘ಬರ್ಲಿನ್ ವ್ಯಾಖ್ಯೆ’ಯ ಪ್ರಕಾರ ಎ.ಆರ್.ಡಿ.ಎಸ್. ಎನ್ನಲು ಅಪಧಮನಿಯ ರಕ್ತ ತೆಗೆದು ಆಮ್ಲಜನಕ ಅಳೆಯಬೇಕು, ರೋಗಿ ಒತ್ತಡ ಕೊಡುವ ಯಂತ್ರದ ಮೇಲಿರಬೇಕು. ರವಾಂಡಾ ದೇಶದ ಕಿಗಾಲಿಯ ಆಸ್ಪತ್ರೆಯೊಂದರಲ್ಲಿ ಸಂಶೋಧಕರು ಇದನ್ನು ಹಿಡಿದು ಹುಡುಕಿದರೆ ಒಬ್ಬ ರೋಗಿಯೂ ಸಿಗಲಿಲ್ಲ. ರೋಗಿಗಳಿರಲಿಲ್ಲ ಎಂದಲ್ಲ, ಯಂತ್ರಗಳಿರಲಿಲ್ಲ. ಬೆರಳಿನ ಆಕ್ಸಿಮೀಟರ್ ಮತ್ತು ಎದೆಯ ಅಲ್ಟ್ರಾಸೌಂಡ್ ಸಾಕೆಂದು ವ್ಯಾಖ್ಯೆ ಸಡಿಲಿಸಿದಾಗ ದಾಖಲಾದವರಲ್ಲಿ ಶೇ 4ರಷ್ಟು ಮಂದಿ ಸಿಕ್ಕರು, ಅವರಲ್ಲಿ ಅರ್ಧದಷ್ಟು ಜನ ಸತ್ತರು. ಕಿಗಾಲಿಯ ಪಾಠವನ್ನು ಜಾಗತಿಕ ತಜ್ಞರು ಒಪ್ಪಿ, ಆಕ್ಸಿಮೀಟರನ್ನೂ ವೇಗದ ಮೂಗಿನ ಆಕ್ಸಿಜನ್ನನ್ನೂ ಹೊಸ ವ್ಯಾಖ್ಯೆಯೊಳಕ್ಕೆ ಸೇರಿಸಲು 2023–24ರವರೆಗೆ ಹಿಡಿಯಿತು. ಹಳೆಯ ವ್ಯಾಖ್ಯೆಯನ್ನು ಹಿಡಿದರೆ ಹೋಬಳಿ ಮಟ್ಟದಲ್ಲಿ ಈ ರೋಗ ಇಲ್ಲವೇ ಇಲ್ಲ. ಅಲ್ಲಿ ಸತ್ತವರ ಕಾಗದದ ಮೇಲೆ ನ್ಯುಮೋನಿಯಾ, ಜ್ವರ, ವಿಷಪ್ರಾಶನ ಎಂದಷ್ಟೇ ಉಳಿಯುತ್ತದೆ. ಲೆಕ್ಕಕ್ಕೆ ಸಿಗದ ರೋಗಕ್ಕೆ ಬಜೆಟ್ಟಿನಲ್ಲಿ ಜಾಗ ಸಿಗುವುದೂ ಇಲ್ಲ.

ಗಾವಡಗೆರೆಯಿಂದ ಹುಣಸೂರು, ಹುಣಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದ ಮೈಸೂರು. ಈ ದಾರಿಯಲ್ಲೇ ಬಹಳಷ್ಟು ತೀರ್ಮಾನವಾಗುತ್ತದೆ. 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಸೇವೆ ಈ ದೂರವನ್ನು ಕುಗ್ಗಿಸಿದ್ದು ನಿಜ. ಆಕ್ಸಿಜನ್ನಿನ ಗಣಿತ ಮಾತ್ರ ಕಟು. ಸುಮಾರು 1,500 ಲೀಟರಿನ ಸಣ್ಣ ಸಿಲಿಂಡರ್ ನಿಮಿಷಕ್ಕೆ 15 ಲೀಟರಿನಂತೆ 100 ನಿಮಿಷ ಬರುತ್ತದೆ, ಅದೂ ಪೂರ್ತಿ ತುಂಬಿದ್ದರೆ. 7,000 ಲೀಟರಿನ ದೊಡ್ಡ ಸಿಲಿಂಡರ್ ಕೂಡ ನಿಮಿಷಕ್ಕೆ 60 ಲೀಟರ್ ಕುಡಿಯುವ ವೇಗದ ಮೂಗಿನ ಆಕ್ಸಿಜನ್ ಯಂತ್ರಕ್ಕೆ ಎರಡು ಗಂಟೆ ಸಾಲದು. ‘ಮೈಸೂರಿಗೆ ಬರೆದುಕೊಟ್ಟರು’ ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ಆದರೆ ಬರೆದುಕೊಡುವ ಮುನ್ನ ನಳಿಗೆ ಹಾಕಬೇಕೇ, ಎಷ್ಟು ಸಿಲಿಂಡರ್ ಬೇಕು, ಜೊತೆಗೆ ಯಾರು ಹೋಗಬೇಕು, ಅಲ್ಲಿ ಹಾಸಿಗೆಯಿದೆಯೇ ಎಂದು ಕೇಳಿ ತಿಳಿಯುವುದೂ ಚಿಕಿತ್ಸೆಯ ಭಾಗವೇ. ಮೈಸೂರು ತಲುಪಿದ ಮೇಲೆ ಹಾಸಿಗೆ ಹುಡುಕಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಹೊತ್ತಿನಲ್ಲಿ ಯಾವ ಪ್ರಯೋಗದ ಫಲವೂ ರೋಗಿಗೆ ದಕ್ಕುವುದಿಲ್ಲ.

ಇನ್ನು ಯಂತ್ರಗಳ ಕಾಲಕ್ಕೆ ಬರೋಣ. 2020ರ ಮೇ ತಿಂಗಳಲ್ಲಿ ಪಿ.ಎಂ. ಕೇರ್ಸ್ ನಿಧಿಯಿಂದ 50,000 ವೆಂಟಿಲೇಟರುಗಳಿಗಾಗಿ 2,000 ಕೋಟಿ ರೂಪಾಯಿ ಘೋಷಣೆಯಾಯಿತು. ಅವುಗಳಲ್ಲಿ 30,000 ತಯಾರಿಸುವ ಹೊಣೆ ಹೊತ್ತದ್ದು ಬಿ.ಇ.ಎಲ್. ಸಂಸ್ಥೆ, ಅದರ ಜೊತೆ ವಿನ್ಯಾಸಕ್ಕೆ ನಿಂತದ್ದು ನಮ್ಮ ಮೈಸೂರಿನದೇ ಸ್ಕ್ಯಾನ್‌ರೇ ಕಂಪನಿ. ತಿಂಗಳುಗಳಲ್ಲಿ ಅಷ್ಟೊಂದು ಯಂತ್ರ ತಯಾರಿಸಿದ್ದು ಹೆಮ್ಮೆಯ ಕೆಲಸವೇ, ಅದನ್ನು ಹಗುರ ಮಾಡುವಂತಿಲ್ಲ. ಮರುವರ್ಷದ ಮೇ ತಿಂಗಳಲ್ಲಿ ರಾಜ್ಯಗಳಿಗೆ ಕಳಿಸಿದ ವೆಂಟಿಲೇಟರುಗಳು ಮೂಲೆಯಲ್ಲಿ ಕುಳಿತಿವೆ ಎಂಬ ದೂರುಗಳು ಬಂದು, ಅವುಗಳ ಅಳವಡಿಕೆ, ಬಳಕೆಯ ಲೆಕ್ಕ ತಪಾಸಣೆಗೆ ಪ್ರಧಾನಿಯೇ ಆದೇಶಿಸಬೇಕಾಯಿತು. ಯಂತ್ರವನ್ನು ಆರೇಳು ತಿಂಗಳಲ್ಲಿ ಮಾಡಬಹುದು. ಅದರ ಪಕ್ಕ ನಿಲ್ಲುವ ನರ್ಸನ್ನು ಪಳಗಿಸಲು ವರ್ಷಗಳು ಬೇಕು, ಪಳಗಿದ ಮೇಲೆ ಉಳಿಸಿಕೊಳ್ಳಲು ಕಾಯಂ ನೌಕರಿ ಬೇಕು.

ದರಪಟ್ಟಿಯಲ್ಲೂ ಇದೇ ಮನೋಭಾವ. 2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ತಾನು ಕಳಿಸುವ ಕೋವಿಡ್ ರೋಗಿಗಳಿಗೆ ದಿನದ ದರ ನಿಗದಿ ಮಾಡಿತು: ವೆಂಟಿಲೇಟರ್ ಇಲ್ಲದ ಐಸಿಯು 8,500 ರೂಪಾಯಿ, ವೆಂಟಿಲೇಟರ್ ಸಹಿತ 10,000. ಸ್ವಂತ ಹಣ ಕಟ್ಟುವವರಿಗೆ 15,000 ಮತ್ತು 25,000. ಸುಲಿಗೆಗೆ ಕಡಿವಾಣ ಹಾಕಿದ ಮಟ್ಟಿಗೆ ಇದು ಒಳ್ಳೆಯ ಕ್ರಮ. ಆದರೆ ಮೆಟ್ಟಿಲು ಏರಿಸಿದ್ದು ಯಂತ್ರ ಮಾತ್ರ. 16 ಗಂಟೆ ಕವುಚಿ ಮಲಗಿಸಿ ಕಾದವರಿಗೂ, 500 ಮಿಲಿಲೀಟರಿಗೆ ಗುಂಡಿ ತಿರುಗಿಸಿ ಹೊರಟವರಿಗೂ ಒಂದೇ ದರ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಕೊಡುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಂಥ ಯೋಜನೆ ಬಿಲ್ಲಿನ ಭಯ ತಗ್ಗಿಸಬಲ್ಲದು. ಕೊಟ್ಟ ಹಣಕ್ಕೆ ಎಂಥ ಉಸಿರು ಸಿಕ್ಕಿತು ಎಂದು ಕೇಳುವ ಅಂಕಣ ಇಂಥ ಲೆಕ್ಕಗಳಿಗೆ ಸೇರಬೇಕು.

ಈ ವಾದಕ್ಕೆ ಬಲವಾದ ಎದುರುಮಾತು ಚಾಮರಾಜನಗರದಿಂದ ಬರುತ್ತದೆ. 2021ರ ಮೇ 2ರ ರಾತ್ರಿಯಿಂದ 3ರವರೆಗೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತರೆಂಬ ಸುದ್ದಿ ರಾಜ್ಯವನ್ನೇ ನಡುಗಿಸಿತು. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ನೇತೃತ್ವದಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನೇ ಕಾರಣವೆಂದು ಬೊಟ್ಟುಮಾಡಿತು. ಅಲ್ಲಿ ಟೇಪು ಹಿಡಿದು ಎತ್ತರ ಅಳೆದಿದ್ದರೆ ಯಾರೂ ಉಳಿಯುತ್ತಿರಲಿಲ್ಲ; ಬೇಕಿದ್ದದ್ದು ಸಿಲಿಂಡರ್, ಟ್ಯಾಂಕು, ಸರಬರಾಜು. ನಿಜ. ಯಂತ್ರ, ಅನಿಲ, ವಿದ್ಯುತ್ತು ಇಲ್ಲದೆ ಯಾವ ಕೈಚಳಕವೂ ನಡೆಯದು. ಆದರೆ ಚಾಮರಾಜನಗರ ತೋರಿಸಿದ್ದು ಯಂತ್ರದ ಕೊರತೆಗಿಂತ ಹೆಚ್ಚಾಗಿ ನಿಗಾದ ಕೊರತೆಯನ್ನು. ಎಷ್ಟು ಸಿಲಿಂಡರ್ ಉಳಿದಿದೆ, ಇವು ಎಷ್ಟು ಹೊತ್ತು ಬರುತ್ತವೆ, ಮುಂದಿನ ಲಾರಿ ಎಲ್ಲಿದೆ ಎಂದು ಲೆಕ್ಕವಿಟ್ಟು, ಸಾಕಷ್ಟು ಮುಂಚೆ ಎಚ್ಚರಿಸುವ ವ್ಯವಸ್ಥೆ ಅಲ್ಲಿ ಮುರಿದುಬಿದ್ದಿತ್ತು. ಹಾಸಿಗೆಯ ಪಕ್ಕದ ಅಳತೆಯೂ ಗೋದಾಮಿನ ಅಳತೆಯೂ ಒಂದೇ ಶಿಸ್ತಿನ ಎರಡು ಮುಖ.

ಒಳ್ಳೆಯದು ನಡೆದೇ ಇಲ್ಲ ಎನ್ನುವಂತಿಲ್ಲ. 2020ರಲ್ಲಿ ಕರ್ನಾಟಕ ನಡೆಸಿದ ಟೆಲಿ-ಐಸಿಯು ಪ್ರಯೋಗದಲ್ಲಿ ಬೆಂಗಳೂರಿನ ತಜ್ಞರು ಜಿಲ್ಲೆಗಳ ವೈದ್ಯರ ಜೊತೆ ಪರದೆಯ ಮೇಲೆ ಒಬ್ಬೊಬ್ಬ ರೋಗಿಯನ್ನೂ ಚರ್ಚಿಸಿದರು. ನನ್ನ ಲೆಕ್ಕದಲ್ಲಿ ಆ ಕಾಲದ ಅತ್ಯುತ್ತಮ ಹೂಡಿಕೆ ಅದು, ಏಕೆಂದರೆ ಪರದೆಯ ಮೇಲೆ ಸಾಗಿದ್ದು ತಿಳಿವಳಿಕೆ. ಅದರ ಮಿತಿಯೂ ಸ್ಪಷ್ಟ: ‘ಕವುಚಿ ಮಲಗಿಸಿ’ ಎಂದು ಬೆಂಗಳೂರಿನಿಂದ ಹೇಳಬಹುದು, ಮಗುಚುವ ನಾಲ್ಕು ಜೊತೆ ಕೈ ವಾರ್ಡಿನಲ್ಲೇ ಇರಬೇಕು. ಪ್ರಜ್ಞೆಯಿರುವ ರೋಗಿಗಳೇ ಹೊಟ್ಟೆಯ ಮೇಲೆ ಮಲಗಿ ಆಕ್ಸಿಜನ್ ಪಡೆಯುವ ಕ್ರಮ ಕೋವಿಡ್ ಕಾಲದಲ್ಲಿ ಹಬ್ಬಿ, 2021ರ ಬಹುರಾಷ್ಟ್ರೀಯ ಅಧ್ಯಯನದಲ್ಲಿ ನಳಿಗೆ ಹಾಕುವ ಪ್ರಸಂಗಗಳನ್ನು ತಗ್ಗಿಸಿದ್ದು ಕಂಡುಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇವತ್ತೇ ಮಾಡಬಹುದಾದ ಕೆಲಸ ಇದು.

ಅದಕ್ಕೂ ಮುಂಚಿನ ಕೆಲಸ ಹೋಬಳಿಯದು. ಎ.ಆರ್.ಡಿ.ಎಸ್. ಚಿಕಿತ್ಸೆಯ ಅತ್ಯುತ್ತಮ ಘಟ್ಟ ಅದು ಬರುವ ಮುಂಚಿನದು. ಐದಾರು ದಿನದ ಜ್ವರದವರ ಕಂಕುಳು, ತೊಡೆಸಂದು, ಬಟ್ಟೆ ಮುಚ್ಚಿದ ಜಾಗಗಳಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಗಾಯವಿದೆಯೇ ಎಂದು ನೋಡಿದರೆ ಸ್ಕ್ರಬ್ ಟೈಫಸ್ ಪತ್ತೆಯಾಗಬಹುದು, ಆರಂಭದಲ್ಲಿ ಅದಕ್ಕೆ ಅಗ್ಗದ ಡಾಕ್ಸಿಸೈಕ್ಲಿನ್ ಸಾಕು. ವಿಕೋಪಕ್ಕೆ ಹೋದ ಮೇಲೆ ಏನು ಕೊಡಬೇಕು ಎಂಬುದಕ್ಕೆ ವೆಲ್ಲೂರಿನ ಸಿ.ಎಂ.ಸಿ. ನೇತೃತ್ವದಲ್ಲಿ ಭಾರತದ ಏಳು ಕೇಂದ್ರಗಳ ವೈದ್ಯರೇ ಉತ್ತರ ಹುಡುಕಿದರು. ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೋಮೈಸಿನ್ ಎರಡನ್ನೂ ರಕ್ತನಾಳಕ್ಕೆ ಕೊಟ್ಟರೆ ಒಂದೊಂದೇ ಕೊಡುವುದಕ್ಕಿಂತ ಮೇಲು ಎಂಬ ಅವರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ನಮ್ಮ ರೋಗಕ್ಕೆ ನಾವೇ ಮಾಡಿದ ಪ್ರಯೋಗ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಇದು ನಿದರ್ಶನ. ಕೀಟನಾಶಕ ಕುಡಿದವರಿಗೆ ಮನೆಯಲ್ಲಿ ಉಪ್ಪುನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸುವುದನ್ನು ನಿಲ್ಲಿಸಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯ ತಗ್ಗುತ್ತದೆ. ಕುಡಿದದ್ದು ಪ್ಯಾರಾಕ್ವಾಟ್ ಕಳೆನಾಶಕವಾದರೆ ಲೆಕ್ಕ ತಿರುಗಾಮುರುಗಾ: ಅಲ್ಲಿ ಧಾರಾಳ ಆಕ್ಸಿಜನ್ನೇ ಶ್ವಾಸಕೋಶದ ಗಾಯ ಹೆಚ್ಚಿಸುತ್ತದೆ, ಮಾರುಮದ್ದೂ ಇಲ್ಲ. ಹಾಗಾಗಿ ಯಾವ ಡಬ್ಬಿ ಎಂದು ತಿಳಿಯಲು ಡಬ್ಬಿಯನ್ನೇ ಆಸ್ಪತ್ರೆಗೆ ತರುವುದು ಮುಖ್ಯ.

ಬದುಕಿ ಬಂದವರ ಬಗ್ಗೆ ಒಂದು ಮಾತು. ಕೆನಡಾದ ಹೆರಿಜ್ ಮತ್ತು ಸಂಗಡಿಗರು ಎ.ಆರ್.ಡಿ.ಎಸ್. ಗೆದ್ದವರನ್ನು ಐದು ವರ್ಷ ಹಿಂಬಾಲಿಸಿ ನೋಡಿದರು. ಶ್ವಾಸಕೋಶ ಬಹುಮಟ್ಟಿಗೆ ಸುಧಾರಿಸಿತ್ತು, ಆದರೆ ಆರು ನಿಮಿಷದಲ್ಲಿ ನಡೆಯಬಲ್ಲ ದೂರ ನಿರೀಕ್ಷೆಯ ಮುಕ್ಕಾಲು ಭಾಗದಷ್ಟೇ. ಸ್ನಾಯು ಸೊರಗಿರುತ್ತದೆ, ಮನಸ್ಸು ಹೆದರಿರುತ್ತದೆ. ತಂಬಾಕು ಹದಮಾಡುವ ಬ್ಯಾರನ್ನಿಗೆ ಸೌದೆ ಹೊರುವ, ನಾಟಿಗೆ ಬಗ್ಗುವ ಜನಕ್ಕೆ ಇದು ಸಣ್ಣ ನಷ್ಟವಲ್ಲ. ಅವರ ಪಾಲಿಗೆ ಡಿಸ್ಚಾರ್ಜ್ ಚೀಟಿಯೊಂದಿಗೆ ಚಿಕಿತ್ಸೆ ಮುಗಿಯುತ್ತದೆ ಎಂದು ಭಾವಿಸುವ ವ್ಯವಸ್ಥೆ ಅರ್ಧ ಕೆಲಸ ಮಾಡಿ ಕೈತೊಳೆದಂತೆ.

ಒಟ್ಟು ತೀರ್ಪು ಇಷ್ಟು. ವಿಜ್ಞಾನವಾಗಿ ಎ.ಆರ್.ಡಿ.ಎಸ್. ಚಿಕಿತ್ಸೆ ಮೆಚ್ಚುವಂಥದ್ದು: ತನ್ನ ಹುರುಪನ್ನು ತಾನೇ ಪರೀಕ್ಷೆಗೆ ಒಡ್ಡಿ, ಸೋತಾಗ ಒಪ್ಪಿಕೊಂಡು, ಕಡಿಮೆ ಮಾಡುವುದನ್ನು ಕಲಿತಿದೆ. ಅದರ ಆಚರಣೆ ಇಲ್ಲಿ ಮಾತ್ರವಲ್ಲ, ಎಲ್ಲೆಲ್ಲೂ ಆ ಕಲಿಕೆಗಿಂತ ಹಿಂದಿದೆ; ನಮ್ಮಲ್ಲಿ ಖರೀದಿಯ ಉತ್ಸಾಹ ಆ ಅಂತರವನ್ನು ಇನ್ನಷ್ಟು ಹಿಗ್ಗಿಸಿದೆ. ಐಸಿಯು ಒಂದನ್ನು ಅಳೆಯಲು ಯಂತ್ರಗಳ ಸಂಖ್ಯೆಯನ್ನು ಬದಿಗಿಟ್ಟು ನಾಲ್ಕು ಸಂಗತಿ ಕೇಳಿದರೆ ಸಾಕು: ಎಷ್ಟು ರೋಗಿಗಳ ಎತ್ತರ ಬರೆದಿದೆ, ತೀವ್ರ ರೋಗಿಗಳಲ್ಲಿ ಎಷ್ಟು ಮಂದಿಯನ್ನು ಎಷ್ಟು ಗಂಟೆ ಕವುಚಿ ಮಲಗಿಸಿದ್ದೀರಿ, ನೀರಿನ ಲೆಕ್ಕ ಪ್ರತಿದಿನ ಇಟ್ಟಿದ್ದೀರಾ, ರಾತ್ರಿ ಪಾಳಿಯಲ್ಲಿ ಎಷ್ಟು ನರ್ಸ್‌ಗಳು. ಮುಂದಿನ ಐಸಿಯು ಉದ್ಘಾಟನೆಗೆ ಬರುವ ಶಾಸಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಈ ನಾಲ್ಕು ಪ್ರಶ್ನೆಯನ್ನು ಹೋಬಳಿಯ ಜನ ಕೇಳಬೇಕು, ಉತ್ತರ ಲಿಖಿತದಲ್ಲಿ ಬೇಕೆನ್ನಬೇಕು.